ಪುಟ್ಟ ವಿಮಾನದಲ್ಲಿ ಇನ್ನೊಂದು ಮದ್ರಾಸಿಗೆ

ಮದ್ರಾಸ್ ಎಲ್ಲಿದೆ ಎಂದು ಕೇಳಿದರೆ, "ತಾತ, ಅದು ಈಗ ಚೆನ್ನೈ" ಎಂದು ನನ್ನನ್ನೇ ತಿದ್ದುವ ಮಕ್ಕಳು ನೀವು. ಸರಿಯೇ. ಆದರೆ ಹೆಸರು ಬದಲಾಯಿಸಿಕೊಳ್ಳದ ಇನ್ನೊಂದು ಮದ್ರಾಸ್ ಇದೆ. ಅಮೆರಿಕದ ಆರೆಗನ್ ರಾಜ್ಯದಲ್ಲಿ, ಎಂಟು ಸಾವಿರ ಜನವೂ ಇಲ್ಲದ ಊರು. ಊರಿಗೊಂದು ಹೆಸರು ಬೇಕಾದಾಗ ಅಂಗಡಿಯಲ್ಲಿದ್ದ ಮದ್ರಾಸ್ ಬಟ್ಟೆಯ ಥಾನು ನೋಡಿ ಅದನ್ನೇ ಇಟ್ಟರಂತೆ. ಅಲ್ಲಿನವರ ಬಾಯಲ್ಲಿ ಅದು 'ಮ್ಯಾಡ್ರಸ್'. ಮಗಳ ಮನೆಗೆ ಹೋಗಿದ್ದಾಗ ಆ ಊರಿನ ಯುದ್ಧವಿಮಾನಗಳ ಪುಟ್ಟ ಸಂಗ್ರಹಾಲಯ ನೋಡಲು ಹೋದೆವು. ಹೋದದ್ದೂ ವಿಮಾನದಲ್ಲೇ, ಅದೂ ನಮ್ಮ ಅಳಿಯಂದಿರೇ ಓಡಿಸಿದ ನಾಲ್ಕು ಸೀಟಿನ ಸೆಸ್ನಾ 172ರಲ್ಲಿ.

ಶ್ರೀಮಂತಿಕೆ ಎಂದುಕೊಳ್ಳಬೇಡಿ. ಅಲ್ಲಿ ಕ್ಲಬ್ಬಿನಿಂದ ಗಂಟೆಯ ಲೆಕ್ಕದಲ್ಲಿ ವಿಮಾನ ಬಾಡಿಗೆಗೆ ಸಿಗುತ್ತದೆ, ನಮ್ಮಲ್ಲಿ ಹಿಂದೆ ಸೈಕಲ್ ಸಿಗುತ್ತಿದ್ದ ಹಾಗೆ. ಖಾಸಗಿ ಲೈಸೆನ್ಸ್ ಇರುವವರು ಯಾರನ್ನಾದರೂ ಕೂರಿಸಿಕೊಂಡು ಬಾಡಿಗೆ ವಸೂಲಿ ಮಾಡುವಂತಿಲ್ಲ, ಖರ್ಚಿನಲ್ಲಿ ಪಾಲು ಹಂಚಿಕೊಳ್ಳಬಹುದಷ್ಟೆ. ಮಾವನಿಂದ ಪಾಲು ತೆಗೆದುಕೊಳ್ಳಲು ಅವರು ಒಪ್ಪಲಿಲ್ಲ, ಅದು ಬೇರೆ ಮಾತು.

ಹಿಂದಿನ ರಾತ್ರಿ ಅಳಿಯಂದಿರು ಕಾಗದ ಪೆನ್ಸಿಲ್ ಹಿಡಿದು ಕೂತರು. "ಮಾವ, ನಿಮ್ಮ ತೂಕ ಎಷ್ಟು? ಇವತ್ತಿನದು ಹೇಳಬೇಕು."

ನನ್ನಾಕೆಗೆ ನಗು. "ಹೆಣ್ಣು ನೋಡೋಕೆ ಬಂದವರೂ ಇದನ್ನ ಕೇಳಿರಲಿಲ್ಲ" ಎನ್ನುತ್ತಲೇ ತೂಕದ ಯಂತ್ರ ಹತ್ತಿದಳು. ನನಗಂತೂ ಆ ಕಾಗದ ನೋಡಿ ಹಳೆಯ ಲೆಡ್ಜರ್ ಸಿಕ್ಕಷ್ಟು ಖುಷಿ. ಆ ವಿಮಾನ ಮೇಲೇಳುವಾಗ ಒಟ್ಟು 1,157 ಕಿಲೋ ಮೀರಬಾರದು. ಖಾಲಿ ವಿಮಾನವೇ 767 ಕಿಲೋ. ಉಳಿದದ್ದು 390. ಟ್ಯಾಂಕ್ ಪೂರ್ತಿ ತುಂಬಿದರೆ ಸುಮಾರು 200 ಲೀಟರ್ ಪೆಟ್ರೋಲು, ಅದರ ತೂಕ 144 ಕಿಲೋ. ಜನಕ್ಕೆ ಉಳಿಯುವುದು 246. ಅಳಿಯಂದಿರು 82, ನಾನು 74, ಮನೆಯವಳು 68, ಹತ್ತು ವರ್ಷದ ಮೊಮ್ಮಗಳು 34. ಕೂಡಿಸಿ ನೋಡಿ ಮಕ್ಕಳೇ, 12 ಕಿಲೋ ಹೆಚ್ಚು! ಚಕ್ಕುಲಿ ಡಬ್ಬಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಬ್ಯಾಂಕಿನಲ್ಲಿ ಟ್ಯಾಲಿ ಆಗದಿದ್ದರೆ ರಾತ್ರಿ ಎಂಟಾದರೂ ಮನೆಗೆ ಬಿಡುತ್ತಿರಲಿಲ್ಲ. ಇಲ್ಲಿ ಟ್ಯಾಲಿ ಆಗದಿದ್ದರೆ ಹಾರುವಂತೆಯೇ ಇಲ್ಲ. ಒಂದು ಗಂಟೆಯ ದಾರಿಗೆ ಅಷ್ಟೊಂದು ಪೆಟ್ರೋಲು ಬೇಡ, 150 ಲೀಟರ್ ಸಾಕು ಎಂದು ತೀರ್ಮಾನವಾಯಿತು. ಚಕ್ಕುಲಿಯೂ ಉಳಿಯಿತು. ಒಟ್ಟು ತೂಕ ಸರಿಯಿದ್ದರೆ ಮುಗಿಯಲಿಲ್ಲ, ಅದು ಎಲ್ಲಿ ಕೂರುತ್ತದೆ ಎಂಬುದೂ ಮುಖ್ಯ. ಪಾರ್ಕಿನ ಸೀಸಾದ ಹಾಗೆ, ಹಿಂದೆ ಭಾರ ಹೆಚ್ಚಾದರೆ ಮೂತಿ ಮೇಲೇಳುತ್ತದೆ. ಆದ್ದರಿಂದ ನಾನು ಮುಂದೆ, ಅಜ್ಜಿ ಮೊಮ್ಮಗಳು ಹಿಂದೆ.

ಪೋರ್ಟ್‌ಲೆಂಡ್ ಪಕ್ಕದ ಹಿಲ್ಸ್‌ಬೊರೊದಿಂದ ಹೊರಟು ಆಗ್ನೇಯಕ್ಕೆ ತಿರುಗಿದೆವು. 9,500 ಅಡಿ ಎತ್ತರದಲ್ಲಿ ಹೋಗುತ್ತಿದ್ದರೂ ಎಡಗಡೆ ಹಿಮ ಹೊದ್ದ ಮೌಂಟ್ ಹುಡ್ ನಮಗಿಂತ ಎತ್ತರ; ಅದರ ನೆತ್ತಿ 11,249 ಅಡಿ. ಕ್ಯಾಸ್ಕೇಡ್ ಪರ್ವತಸಾಲಿನ ಈಚೆಗೆ ಕಪ್ಪು ಹಸಿರಿನ ಕಾಡು, ದಾಟಿದರೆ ಒಣಗಿದ ಕಂದು ನೆಲ. ಆಗುಂಬೆ ಬಿಟ್ಟು ಚಿತ್ರದುರ್ಗಕ್ಕೆ ಬಂದ ಹಾಗೆ. ಕಾರಣವೂ ಒಂದೇ. ಪಡುವಣ ಕಡಲಿನ ಮೋಡ ಬೆಟ್ಟ ಹತ್ತುವಾಗಲೇ ಮಳೆ ಸುರಿಸಿಬಿಡುತ್ತದೆ, ಆಚೆಯವರಿಗೆ ಉಳಿಯುವುದಿಲ್ಲ. ಭೂಗೋಳದ ಮೇಷ್ಟರು ಹಲಗೆಯ ಮೇಲೆ ಬರೆದದ್ದನ್ನು ಕಿಟಕಿಯಲ್ಲಿ ನೋಡಿದೆ.

ಮದ್ರಾಸ್ ನಿಲ್ದಾಣದಲ್ಲಿ ಕಂಟ್ರೋಲ್ ಟವರ್ ಇಲ್ಲ. ಬರುವವರು, ಹೋಗುವವರು ರೇಡಿಯೋದಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು. "ಮ್ಯಾಡ್ರಸ್ ಟ್ರಾಫಿಕ್" ಎಂದು ಅಳಿಯಂದಿರು ಕೂಗಿದಾಗ ಹಿಂದಿನ ಸೀಟಿನಿಂದ ಅಜ್ಜಿ, "ಸೆಂಟ್ರಲ್ ಸ್ಟೇಷನ್ ಬಂತಾ?" ಎಂದಳು.

ವಿಮಾನ ನಿಲ್ಲಿಸಿ ನಡೆದೇ ಸಂಗ್ರಹಾಲಯಕ್ಕೆ ಹೋಗಬಹುದು. ಎರಿಕ್‌ಸನ್ ಏರ್‌ಕ್ರಾಫ್ಟ್ ಕಲೆಕ್ಷನ್ ಎಂದು ಹೆಸರು. ಹೆಲಿಕಾಪ್ಟರ್ ಉದ್ಯಮದಿಂದ ಹೆಸರಾದ ಜ್ಯಾಕ್ ಎರಿಕ್‌ಸನ್ ಕೂಡಿಸಿದ್ದು. ಕಡಲತೀರದ ಟಿಲಮೂಕ್‌ನಲ್ಲಿದ್ದದ್ದನ್ನು 2014ರಲ್ಲಿ ಇಲ್ಲಿಗೆ ತಂದರು. ಇಪ್ಪತ್ತು ಚಿಲ್ಲರೆ ವಿಮಾನಗಳು. ಹೆಚ್ಚಿನವು ಇವತ್ತಿಗೂ ಹಾರುವ ಸ್ಥಿತಿಯಲ್ಲಿ ಇಟ್ಟವು. ಇಂಜಿನ್ನುಗಳ ಕೆಳಗೆ ಎಣ್ಣೆ ತೊಟ್ಟಿಕ್ಕಲು ತಟ್ಟೆ ಇಟ್ಟಿದ್ದರು. ನನಗೆ ಅದೇ ಬಹಳ ಹಿಡಿಸಿತು.

ಎಲ್ಲಕ್ಕಿಂತ ದೊಡ್ಡದು ಬಿ-17 ಬಾಂಬರ್. ನಾಲ್ಕು ಇಂಜಿನ್, ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 104 ಅಡಿ, ಒಳಗೆ ಹತ್ತು ಜನ. ಎರಡನೇ ಮಹಾಯುದ್ಧದಲ್ಲಿ ಇದೇ ಮದ್ರಾಸ್ ನಿಲ್ದಾಣದಲ್ಲಿ ಬಿ-17 ಹುಡುಗರಿಗೆ ತರಬೇತಿ ಕೊಡುತ್ತಿದ್ದರು. ಈ ವಿಮಾನಕ್ಕೆ 'ಯೇ ಓಲ್ಡ್ ಪಬ್' ಎಂಬ ಇನ್ನೊಂದು ವಿಮಾನದ ಹೆಸರು, ಬಣ್ಣ ಕೊಟ್ಟಿದ್ದಾರೆ. ಆ ಇನ್ನೊಂದರ ಕತೆ ಕೇಳಿ.

1943ರ ಡಿಸೆಂಬರ್ 20. ಜರ್ಮನಿಯ ಬ್ರೆಮೆನ್ ಮೇಲೆ ಬಾಂಬ್ ಹಾಕಿ ಹಿಂದಿರುಗುತ್ತಿದ್ದ ಆ ವಿಮಾನದ ಪೈಲಟ್ ಚಾರ್ಲಿ ಬ್ರೌನ್‌ಗೆ 21 ವರ್ಷ. ಮೈತುಂಬ ತೂತು, ಹಿಂಬದಿಯ ಬಂದೂಕಿನವನು ಸತ್ತಿದ್ದ, ಹಲವರಿಗೆ ಗಾಯ. ಬೆನ್ನಟ್ಟಿ ಬಂದ ಜರ್ಮನ್ ಪೈಲಟ್ ಫ್ರಾಂಜ್ ಸ್ಟಿಗ್ಲರ್ ಗುಂಡಿ ಒತ್ತಿದ್ದರೆ ಮುಗಿಯುತ್ತಿತ್ತು. ಆತ ತೂತುಗಳಿಂದ ಒಳಗಿನ ಗಾಯಾಳುಗಳನ್ನು ಕಂಡ. ಗುಂಡು ಹಾರಿಸಲಿಲ್ಲ. ಪಕ್ಕದಲ್ಲೇ ಹಾರುತ್ತಾ ಸಮುದ್ರದವರೆಗೆ ಬಿಟ್ಟು, ಸೆಲ್ಯೂಟ್ ಹೊಡೆದು ಮರಳಿದ. ತನ್ನವರಿಗೆ ತಿಳಿದರೆ ಅವನ ತಲೆ ಉಳಿಯುತ್ತಿರಲಿಲ್ಲ, ಬಾಯಿ ಬಿಡಲಿಲ್ಲ. ಬ್ರೌನ್ ಮುದುಕನಾದ ಮೇಲೆ ಹುಡುಕಿ ಹುಡುಕಿ, ಕೆನಡಾದಲ್ಲಿ ನೆಲೆಸಿದ್ದ ಸ್ಟಿಗ್ಲರ್‌ನನ್ನು 1990ರಲ್ಲಿ ಕಂಡ. 2008ರಲ್ಲಿ ಇಬ್ಬರೂ ತೀರಿಕೊಳ್ಳುವವರೆಗೆ ಸ್ನೇಹಿತರಾಗಿದ್ದರು.

ಮೊಮ್ಮಗಳು ಬಿ-17ರ ಹೊಟ್ಟೆಯ ಕೆಳಗೆ ನಿಂತು ಬಾಂಬ್ ಬೀಳುವ ಬಾಗಿಲು ನೋಡುತ್ತಿದ್ದಳು. "ತಾತ, ಮುತ್ತಾತ ರಿಪೇರಿ ಮಾಡಿದ ವಿಮಾನಗಳೂ ಬಾಂಬ್ ಹಾಕೋಕೆ ಹೋಗಿದ್ವಾ?"

ನಮ್ಮ ತಂದೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರಿವೆಟ್ ಹೊಡೆಯುತ್ತಿದ್ದರು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಕಟ್ಟಿದ ಕಾರ್ಖಾನೆ ಅದು. 1943ರಲ್ಲಿ ಅಮೆರಿಕದ ಸೈನ್ಯ ಅದನ್ನು ವಶಕ್ಕೆ ತೆಗೆದುಕೊಂಡು ತನ್ನ 84ನೇ ಏರ್ ಡಿಪೋ ಮಾಡಿಕೊಂಡಿತ್ತು. ನಮ್ಮಪ್ಪ ಮನೆಯಲ್ಲಿ ಹೇಳುತ್ತಿದ್ದದ್ದು ಯುದ್ಧ ಮುಗಿದ ಮೇಲಿನ ಕತೆ ಮಾತ್ರ. ಹೊರಟವರು ಕಾನ್ಪುರದಲ್ಲಿ ಜಖಂ ಮಾಡಿ ಬಿಟ್ಟುಹೋದ ಲಿಬರೇಟರ್ ಬಾಂಬರುಗಳನ್ನು ಬೆಂಗಳೂರಿಗೆ ತಂದು ಸರಿಪಡಿಸಿದ್ದು, ನಮ್ಮ ವಾಯುಪಡೆ ಅವನ್ನು 1968ರವರೆಗೆ ಇಟ್ಟುಕೊಂಡದ್ದು. ಯುದ್ಧದ ಎರಡು ವರ್ಷದ ಬಗ್ಗೆ ಎಂದೂ ಬಾಯಿ ಬಿಟ್ಟವರಲ್ಲ.

"ಹೋಗಿರುತ್ತವೆ ಪುಟ್ಟಿ" ಎಂದೆ. ಮಕ್ಕಳ ಮುಂದೆ ಬಣ್ಣ ಹಚ್ಚಿದ ಉತ್ತರ ಕೊಡುವುದು ನನಗೆ ಒಗ್ಗದು.

"ಮುತ್ತಾತಂಗೆ ಬೇಜಾರಾಗಿತ್ತಾ?"

"ಕೇಳಿರಲಿಲ್ಲ ಕಣಮ್ಮ."

ಅವಳು ಇನ್ನೇನೂ ಕೇಳಲಿಲ್ಲ. ರಿವೆಟ್ ಸಾಲನ್ನು ಬೆರಳು ತಾಗಿಸದೆ, ಗಾಳಿಯಲ್ಲೇ ಎಣಿಸುತ್ತಾ ರೆಕ್ಕೆಯ ಉದ್ದಕ್ಕೂ ನಡೆದಳು. ಅಜ್ಜಿ ಕೂಗಿ ಕರೆದ ಮೇಲೆ ಬಂದಳು.

ಡಿಸೆಂಬರ್ ರಜೆಗೆ ಬೆಂಗಳೂರಿಗೆ ಬಂದಾಗ ಮುತ್ತಾತನ ಕಾರ್ಖಾನೆ ತೋರಿಸಬೇಕಂತೆ. ಕಾರ್ಖಾನೆಯ ಒಳಗೆ ಬಿಡುವುದಿಲ್ಲ, ಆದರೆ ಅದೇ ಸಂಸ್ಥೆಯವರು 2001ರಲ್ಲಿ ತೆರೆದ ಎಚ್‌ಎಎಲ್ ಸಂಗ್ರಹಾಲಯ ಹಳೆಯ ವಿಮಾನ ನಿಲ್ದಾಣದ ರಸ್ತೆಯ ಹತ್ತಿರವೇ ಇದೆ. ಅಲ್ಲಿ ಮಾರುತ್ ವಿಮಾನವಿದೆ. ಅದನ್ನು ಬೆಂಗಳೂರಿನಲ್ಲಿ ಕೂತು ರೂಪಿಸಿದ ಕುರ್ಟ್ ಟ್ಯಾಂಕ್, ಯುದ್ಧಕಾಲದಲ್ಲಿ ಜರ್ಮನಿಗೆ ಫೈಟರ್ ವಿಮಾನ ಕಟ್ಟಿಕೊಟ್ಟಿದ್ದವರು. ಅದು 1961ರಲ್ಲಿ ಮೊದಲ ಬಾರಿ ಹಾರಿದಾಗ ನಮ್ಮಪ್ಪ ಇನ್ನೂ ಕೆಲಸದಲ್ಲಿದ್ದರು. ಅಲ್ಲಿಗೆ ಹೋಗಲು ಯಾರ ತೂಕವನ್ನೂ ಕೇಳುವುದಿಲ್ಲ, ಸಿಟಿ ಬಸ್ಸು ಸಾಕು.