ಬೆನ್ನಿನ ನೀರು ಬಸ್ಸು ಹತ್ತಬಾರದು

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮಗುವಿಗೆ ಜ್ವರ ಬಂದು ಫಿಟ್ಸ್ ಶುರುವಾದ್ರೆ ಮೊದಲು ಕೇಳೋ ಮಾತು "ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ". ಶಿವಮೊಗ್ಗಕ್ಕೋ, ಘಾಟಿ ಇಳಿದು ಮಣಿಪಾಲಕ್ಕೋ. ಬೇಸಿಗೆ ದಿನ ಆದ್ರೆ ಇನ್ನೊಂದು ಮಾತು ಸೇರ್ತದೆ: "ಮಂಗನ ಕಾಯಿಲೆ ಇರಬಹುದು".

ಇರಬಹುದು ಸ್ವಾಮಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಕಾಯಿಲೆ, 2018-19ರಲ್ಲಿ ಅರಳಗೋಡನ್ನ ನಡುಗಿಸಿದ್ದು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಬಂದು ಮಿದುಳಿಗೂ ತಾಗ್ತದೆ. ಹೆದರಿಕೆ ಸುಳ್ಳಲ್ಲ. ಆದ್ರೆ ಆ ವೈರಸ್ಸನ್ನ ಕೊಲ್ಲೋ ಮದ್ದಿಲ್ಲ. ಬ್ಯಾಕ್ಟೀರಿಯಾ ಮೆನಿಂಜೈಟಿಸ್‌ಗೆ ಮದ್ದಿದೆ, ಗಂಟೆಗಂಟೆಗೂ ಲೆಕ್ಕ. ಮದ್ದಿರೋ ಕಾಯಿಲೆನ ಮೊದಲು ಹುಡುಕಬೇಕೋ ಬೇಡ್ವೋ?

ನಾನು ಡಾಕ್ಟರಲ್ಲ, ಲ್ಯಾಬಲ್ಲಿ ಕೆಲಸ ಮಾಡಿದವನು. ಒಂದು ಮಧ್ಯಾಹ್ನ ಮೂರು ವರ್ಷದ ಹುಡುಗಿಯ ಬೆನ್ನಿನ ನೀರು ಬಂತು, ಮೆಡಿಕಲ್ ಶಾಪಿನ ಕವರಲ್ಲಿ. ತೆಗೆದದ್ದು ಹಿಂದಿನ ರಾತ್ರಿ! ಹೊರಗಿಟ್ಟ ನೀರಲ್ಲಿ ಎರಡು ಗಂಟೆಗೇ ನ್ಯೂಟ್ರೋಫಿಲ್ ಕಣ ಸುಮಾರು ಅರ್ಧ ಕರಗಿ ಹೋಗ್ತವೆ, ಸಕ್ಕರೆಯೂ ಇಳೀತದೆ. ಆದ್ರೂ ಎಣಿಸಿದೆ, ಕಣ ಕಡಿಮೆ ಅಂತ ಬರೆದು ಕೊಟ್ಟೆ. ಆ ಚೀಟಿ ನಂಬಬೇಡಿ ಅಂತ ಕೆಳಗೆ ಒಂದು ಸಾಲು ಬರೀಬೇಕಿತ್ತು, ಬರೀಲಿಲ್ಲ. ಆ ಹುಡುಗಿ ಏನಾದಳೋ ಅಂತ ಇವತ್ತಿಗೂ ಅನ್ನಿಸ್ತದೆ...

ಬಿಸಿ ಬಿಸಿಯಾಗಿ ನೋಡಿದ್ರೆ ಆ ನೀರು ಬಹಳ ಹೇಳ್ತದೆ. ಆರೋಗ್ಯವಂತರದ್ದು ತಿಳಿ ನೀರು, ಸಕ್ಕರೆ ರಕ್ತದ್ದರ ಮೂರರಲ್ಲಿ ಎರಡು ಪಾಲು. ಬ್ಯಾಕ್ಟೀರಿಯಾ ಇದ್ರೆ ಅಕ್ಕಿ ತೊಳೆದ ನೀರಿನ ಹಾಗೆ ಕದಡಿರ್ತದೆ, ನ್ಯೂಟ್ರೋಫಿಲ್ ಜಾಸ್ತಿ, ಸಕ್ಕರೆ ಪಾತಾಳಕ್ಕೆ, ಪ್ರೋಟೀನ್ ಮೇಲಕ್ಕೆ, ಲ್ಯಾಕ್ಟೇಟೂ ಏರ್ತದೆ. ವೈರಸ್ ಆದ್ರೆ ಲಿಂಫೋಸೈಟ್ ಜಾಸ್ತಿ, ಸಕ್ಕರೆ ಸಾಮಾನ್ಯವಾಗಿ ಸರಿ ಇರ್ತದೆ. ಟಿಬಿ ಆದ್ರೆ ಲಿಂಫೋಸೈಟೇ, ಆದ್ರೆ ಸಕ್ಕರೆ ಕಡಿಮೆ. ಅಪವಾದ ಇವೆ, ಶುರುವಲ್ಲಿ ವೈರಸ್ಸೂ ನ್ಯೂಟ್ರೋಫಿಲ್ ತೋರಿಸಿ ಮೋಸ ಮಾಡ್ತದೆ. ಆದ್ರೂ ಒಂದು ಮೈಕ್ರೋಸ್ಕೋಪ್, ಕಣ ಎಣಿಸೋ ಗಾಜು, ಗ್ರಾಂ ಬಣ್ಣ, ಸಕ್ಕರೆ ನೋಡೋ ಯಂತ್ರ ಸಾಕು, ಒಂದು ಗಂಟೆ ಕೆಲಸ. ರಕ್ತದ ಸಕ್ಕರೆನೂ ಅದೇ ಹೊತ್ತಿಗೆ ನೋಡಬೇಕು, ಇದನ್ನ ಮರೆಯೋರೇ ಹೆಚ್ಚು.

ಜಪಾನೀಸ್ ಎನ್ಸೆಫಲೈಟಿಸ್ ಐಜಿಎಂ, ಪಿಸಿಆರ್ ಎಲ್ಲಾ ದೊಡ್ಡ ಊರಿಗೇ ಹೋಗಲಿ, ಬೇಡ ಅನ್ನಲ್ಲ. ಕಣ ಎಣಿಸೋದಕ್ಕೂ ಅರವತ್ತು ಎಪ್ಪತ್ತು ಕಿಲೋಮೀಟರ್ ಯಾಕೆ? ಕೋಟಿ ರೂಪಾಯಿ ಯಂತ್ರಕ್ಕೆ ರಿಬ್ಬನ್ ಕತ್ತರಿಸೋಕೆ ಸಾಲು ನಿಲ್ಲೋರು, ರಾತ್ರಿ ಪಾಳಿಗೊಬ್ಬ ಟೆಕ್ನಿಷಿಯನ್ ಕೊಡಿ ಅಂದ್ರೆ ಕಾಣೋದೇ ಇಲ್ಲ.

ನಮ್ಮ ಜನರದ್ದೂ ತಪ್ಪಿದೆ. "ಬೆನ್ನಿಗೆ ಸೂಜಿ ಹಾಕಿದ್ರೆ ಕಾಲು ಹೋಗ್ತದಂತಲ್ಲ ಮಾರಾಯ್ರೆ" ಅಂತ ಸಹಿ ಹಾಕದೆ ಮಗೂನ ಎತ್ಕೊಂಡು ಹೊರಟವರನ್ನ ಕಂಡಿದ್ದೇನೆ. ಬೆನ್ನುಹುರಿ ಮೇಲೇ ಮುಗೀತದೆ, ಸೂಜಿ ಹೋಗೋದು ಅದಕ್ಕಿಂತ ಕೆಳಗೆ. ಮಿದುಳಲ್ಲಿ ಒತ್ತಡ ಜಾಸ್ತಿ ಇದ್ದಾಗ, ಮಗು ತೀರಾ ನಿತ್ರಾಣ ಆದಾಗ ಡಾಕ್ಟರೇ ಸೂಜಿ ಮುಂದೂಡ್ತಾರೆ. ಆಗ, ಅಥವಾ ದೂರ ಕಳಿಸಲೇಬೇಕಾದಾಗ, ಆಂಟಿಬಯೋಟಿಕ್ಕಿನ ಮೊದಲ ಡೋಸ್ ಕೊಟ್ಟೇ ಕಳಿಸಬೇಕು. ಆಮೇಲೆ ಕಲ್ಚರಲ್ಲಿ ಕ್ರಿಮಿ ಬೆಳೀದಿರಬಹುದು, ಕಣ ಮತ್ತು ಪ್ರೋಟೀನ್ ಮಾತ್ರ ಅಷ್ಟು ಬೇಗ ಸುಳಿವು ಬಿಡಲ್ಲ.

ಆಂಬ್ಯುಲೆನ್ಸ್ ಹತ್ತೋ ಮುಂಚೆ ಒಂದು ಪ್ರಶ್ನೆ ಕೇಳಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ: "ಮೊದಲ ಇಂಜೆಕ್ಷನ್ ಆಯ್ತಾ?"