ತಟ್ಟೆಗೆ ಬಾರದ ಕಡಲ ಜೀವಿ

ಮಲ್ಪೆಗೋ ಕಾರವಾರಕ್ಕೋ ಶಾಲಾ ಪ್ರವಾಸ ಹೋದ ಮಕ್ಕಳು ಮೊದಲು ಮಾಡುವ ಕೆಲಸವೆಂದರೆ ಕಡಲ ನೀರನ್ನು ಬೊಗಸೆಯಲ್ಲಿ ಎತ್ತಿ, ನಾಲಿಗೆಗೆ ಮುಟ್ಟಿಸಿ, ‘ಥೂ, ಉಪ್ಪು!’ ಎಂದು ಉಗುಳುವುದು. ಹಾಗೆ ಉಗುಳಿದ ನೀರಿನಲ್ಲಿ ಉಪ್ಪಷ್ಟೇ ಇರುವುದಿಲ್ಲ. ಒಂದು ಮಿಲಿಲೀಟರ್, ಅಂದರೆ ಹದಿನೈದಿಪ್ಪತ್ತು ಹನಿ ಕಡಲ ನೀರಿನಲ್ಲಿ ಸಾಧಾರಣವಾಗಿ ಐದರಿಂದ ಹತ್ತು ಲಕ್ಷ ಬ್ಯಾಕ್ಟೀರಿಯಾಗಳಿರುತ್ತವೆ. ಪಾಲಕರು ಗಾಬರಿಯಾಗಬೇಕಿಲ್ಲ, ಅವುಗಳಲ್ಲಿ ಬಹುಪಾಲು ಮನುಷ್ಯರ ಗೊಡವೆಗೇ ಬಾರದ ಜೀವಿಗಳು.

ಈ ಲಕ್ಷಗಳ ಪೈಕಿ ಒಂದು ಗುಂಪು ಎಲ್ಲಕ್ಕಿಂತ ದೊಡ್ಡದು. ಜಗತ್ತಿನ ಸಾಗರಗಳಲ್ಲಿ ತೇಲುವ ಸೂಕ್ಷ್ಮಜೀವಿಗಳಲ್ಲಿ ಸರಿಸುಮಾರು ನಾಲ್ಕಕ್ಕೆ ಒಂದು ಆ ಗುಂಪಿಗೇ ಸೇರಿದ್ದು ಎಂದು 2002ರಲ್ಲಿ ಲೆಕ್ಕ ಹಾಕಲಾಯಿತು. ಇಷ್ಟು ಸಂಖ್ಯೆಯಲ್ಲಿರುವ ಜೀವಿಯ ಸುಳಿವು 1990ರ ತನಕ ಯಾವ ವಿಜ್ಞಾನಿಗೂ ಇರಲಿಲ್ಲ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಆಗಲೇ 21 ವರ್ಷ ಕಳೆದಿತ್ತು.

ಇದಕ್ಕೆ ಕಾರಣ ಹುಡುಕುತ್ತ ಹೋದರೆ ಒಂದು ಅಡುಗೆಮನೆಗೆ ಬಂದು ನಿಲ್ಲಬೇಕಾಗುತ್ತದೆ. 1881ರ ಸುಮಾರಿಗೆ ಜರ್ಮನಿಯಲ್ಲಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾಗಳನ್ನು ಬೆಳೆಸಲು ಜೆಲಾಟಿನ್ ಬಳಸುತ್ತಿದ್ದರು. ಬೇಸಗೆಯ ಸೆಕೆಗೆ ಅದು ಕರಗಿ ನೀರಾಗುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಯವರ ಪತ್ನಿ ಫ್ಯಾನಿ ಹೆಸ್ಸೆ, ತಾನು ಜೆಲ್ಲಿಗೆ ಹಾಕುವ ಅಗರ್ ಬಳಸಿ ನೋಡಿ ಎಂದರು. ನಮ್ಮ ಅಂಗಡಿಗಳಲ್ಲಿ ‘ಚೈನಾ ಗ್ರಾಸ್’ ಎಂದು ಸಿಗುವ ಪದಾರ್ಥವೇ ಅದು. 1887ರಲ್ಲಿ ಪೆಟ್ರಿ ಎಂಬಾತ ಅದಕ್ಕೊಂದು ಮುಚ್ಚಳದ ತಟ್ಟೆ ರೂಪಿಸಿದ. ತಟ್ಟೆಯಲ್ಲಿ ಅಗರ್, ಅದರಲ್ಲಿ ಮಾಂಸದ ಸಾರಿನಂಥ ಪುಷ್ಟಿಕರ ಆಹಾರ. ಮೇಲೆ ಒಂದು ಹನಿ ನೀರು ಸವರಿಟ್ಟರೆ ಒಂದೊಂದು ಬ್ಯಾಕ್ಟೀರಿಯವೂ ಲಕ್ಷಾಂತರವಾಗಿ ಹೆಚ್ಚಿ ಕಣ್ಣಿಗೆ ಕಾಣುವ ಚುಕ್ಕಿಯಾಗುತ್ತದೆ. ಚುಕ್ಕಿ ಎಣಿಸಿದರೆ ಲೆಕ್ಕ ಸಿಕ್ಕಿತು. ಇಂದಿಗೂ ಕಾಲೇಜು ವಿದ್ಯಾರ್ಥಿಗಳು ಕಲಿಯುವ ವಿಧಾನ ಇದೇ. ಇದರಿಂದ ಎಷ್ಟೋ ರೋಗಗಳ ಮೂಲ ಪತ್ತೆಯಾಗಿದೆ. ಹಾಗಾಗಿ ತಟ್ಟೆಯನ್ನು ಹಳಿಯುವಂತಿಲ್ಲ.

ಆದರೆ ಕಡಲ ನೀರು ಸವರಿದಾಗ ಲೆಕ್ಕ ತಪ್ಪುತ್ತಿತ್ತು. 1977ರಲ್ಲಿ ಹಾಬಿ ಮತ್ತು ಸಂಗಡಿಗರು ನೀರನ್ನು ಅತಿಸೂಕ್ಷ್ಮ ರಂಧ್ರಗಳ ಹಾಳೆಯಲ್ಲಿ ಸೋಸಿ, ಬ್ಯಾಕ್ಟೀರಿಯಾಗಳಿಗೆ ಹೊಳೆಯುವ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಎಣಿಸುವ ವಿಧಾನವನ್ನು ಪಕ್ಕಾ ಮಾಡಿದರು. ಸೂಕ್ಷ್ಮದರ್ಶಕದಲ್ಲಿ ಸಾವಿರ ಕಂಡರೆ ತಟ್ಟೆಯಲ್ಲಿ ಏಳುತ್ತಿದ್ದುದು ಒಂದೋ, ಕೆಲವೊಮ್ಮೆ ಅದೂ ಇಲ್ಲ. ಉಳಿದವು ಸತ್ತಿವೆಯೇ, ನಿದ್ರಿಸುತ್ತಿವೆಯೇ, ಅಥವಾ ತಟ್ಟೆಯ ಊಟ ಅವಕ್ಕೆ ರುಚಿಸದೇ? ಅಗರ್ ತಯಾರಾಗುವುದು ಕಡಲ ಕೆಂಪು ಪಾಚಿಯಿಂದ. ಕಡಲೇ ಕೊಟ್ಟ ಅಗರ್ ಮೇಲೆ ಕಡಲ ಜೀವಿಗಳೇ ಬೆಳೆಯಲೊಪ್ಪದೆ ಕುಳಿತದ್ದು ತಮಾಷೆಯೇ ಸರಿ.

ಬೆಳೆಯದ ಜೀವಿಯನ್ನು ಗುರುತಿಸುವುದು ಹೇಗೆ? ದಾರಿ ತೋರಿಸಿದ್ದು ಅಣುಜೀವವಿಜ್ಞಾನ. ಬ್ಯಾಕ್ಟೀರಿಯದಿಂದ ಆನೆಯವರೆಗೆ ಪ್ರತಿ ಜೀವಕೋಶದಲ್ಲೂ ಪ್ರೋಟೀನ್ ತಯಾರಿಸುವ ರೈಬೋಸೋಮ್ ಎಂಬ ಯಂತ್ರಗಳಿವೆ. ಆ ಯಂತ್ರದ ಒಂದು ಭಾಗವನ್ನು ರೂಪಿಸುವ ಜೀನ್ ಎಲ್ಲ ಜೀವಿಗಳಲ್ಲೂ ಇದೆ. ಬ್ಯಾಕ್ಟೀರಿಯಾಗಳಲ್ಲಿ ಅದು ಸುಮಾರು 1500 ಅಕ್ಷರಗಳಷ್ಟು ಉದ್ದ. ಒಂದೇ ಸೋಬಾನೆ ಪದವನ್ನು ಊರಿಂದ ಊರಿಗೆ ಒಂದೆರಡು ಮಾತು ಬದಲಿಸಿ ಹಾಡುತ್ತಾರಲ್ಲ, ಹಾಗೆ ಈ ಜೀನ್ ಕೂಡ ತಲೆಮಾರುಗಳು ಕಳೆದಂತೆ ಅಲ್ಲಲ್ಲಿ ಬದಲಾಗುತ್ತದೆ. ಎರಡು ಜೀವಿಗಳ ನಡುವೆ ವ್ಯತ್ಯಾಸ ಹೆಚ್ಚಿದ್ದಷ್ಟೂ ನೆಂಟಸ್ತಿಕೆ ದೂರದ್ದು. ಅಮೆರಿಕದ ಕಾರ್ಲ್ ವೋಸ್ 1970ರ ದಶಕದಲ್ಲಿ ಈ ರೈಬೋಸೋಮ್ ಅಕ್ಷರಗಳನ್ನು ಹೋಲಿಸಿಯೇ ಜೀವಿಗಳ ವಂಶವೃಕ್ಷ ಬರೆಯಲು ಕುಳಿತವರು. ನಾರ್ಮನ್ ಪೇಸ್ ಇನ್ನೊಂದು ಹೆಜ್ಜೆ ಮುಂದೆ ಹೋದರು: ಜೀವಿಯನ್ನು ಬೆಳೆಸುವ ಗೋಜೇ ಬೇಡ, ಕೆರೆಯಿಂದಲೋ ಕಡಲಿಂದಲೋ ಡಿಎನ್‌ಎಯನ್ನು ನೇರವಾಗಿ ತೆಗೆದು ಈ ಜೀನನ್ನು ಓದೋಣ ಎಂದರು.

ಪೇಸ್ ಅವರ ಗರಡಿಯಲ್ಲಿ ಪಳಗಿದ ಸ್ಟೀಫನ್ ಜಿಯೋವನೋನಿ, ಓರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ, ಅಟ್ಲಾಂಟಿಕ್ ಸಾಗರದ ಬರ್ಮುಡಾ ದ್ವೀಪದ ಆಸುಪಾಸಿನ ಸಾರ್ಗಾಸೋ ಸಮುದ್ರದ ನೀರು ತರಿಸಿ ಈ ಕೆಲಸ ಮಾಡಿದರು. ನೀರನ್ನು ಸೋಸಿ, ಸಿಕ್ಕ ಡಿಎನ್‌ಎಯಲ್ಲಿ ಆ ಒಂದು ಜೀನನ್ನು ಮಾತ್ರ ಪಿಸಿಆರ್ ವಿಧಾನದಿಂದ ಕೋಟಿಗಟ್ಟಲೆ ನಕಲು ಮಾಡಿಸಿ ಓದಿದರು. (ಪಿಸಿಆರ್‌ಗೆ ಬೇಕಾದ ಶಾಖ ತಡೆಯುವ ಕಿಣ್ವ ಸಿಕ್ಕಿದ್ದು ಕೂಡ ಅಮೆರಿಕದ ಯೆಲ್ಲೊಸ್ಟೋನ್ ಬಿಸಿನೀರ ಬುಗ್ಗೆಯ ಬ್ಯಾಕ್ಟೀರಿಯದಿಂದ.) ಅವುಗಳಲ್ಲಿ ತಿಳಿದಿರುವ ಯಾವುದಕ್ಕೂ ಹೊಂದದ ಅಕ್ಷರಮಾಲೆಗಳು ಕಂಡವು. 1990ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಸಾರ್ಗಾಸೋ ಹೆಸರಿನ ಮೊದಲ ಭಾಗ ತೆಗೆದುಕೊಂಡು ಆ ಗುಂಪಿಗೆ ‘ಸಾರ್-11’ ಎಂದು ಹೆಸರಿಟ್ಟರು. ಕನ್ನಡದ ಕಿವಿಗೆ ಮೇಷ್ಟರನ್ನು ಕರೆದಂತೆ ಕೇಳುತ್ತದೆ.

ಅನಂತರ ಬೇರೆ ಬೇರೆ ಸಮುದ್ರಗಳಲ್ಲಿ ಹುಡುಕಿದವರಿಗೆಲ್ಲ ಸಾರ್-11 ಸಿಗುತ್ತಲೇ ಹೋಯಿತು. ಆದರೂ ಅದು ಕಾಗದದ ಮೇಲಿನ ಅಕ್ಷರವೇ ಆಗಿತ್ತು. ಅದು ಏನು ತಿನ್ನುತ್ತದೆ, ಹೇಗೆ ಬದುಕುತ್ತದೆ ಎಂಬುದನ್ನು 1500 ಅಕ್ಷರಗಳು ಹೇಳಲಾರವು. ಮತದಾರರ ಪಟ್ಟಿಯಲ್ಲಿ ಹೆಸರಿದೆ, ಆಸಾಮಿಯನ್ನು ಕಂಡವರಿಲ್ಲ ಎಂಬ ಸ್ಥಿತಿ. ಆಸಾಮಿಯನ್ನು ಹಿಡಿಯಲು ಇನ್ನೂ 12 ವರ್ಷ ಬೇಕಾಯಿತು.

ಹಿಡಿದ ಬಗೆ ಸ್ವಾರಸ್ಯಕರವಾಗಿದೆ. ಜಿಯೋವನೋನಿ ಬಳಗದ ಮೈಕಲ್ ರಾಪೆ ಮತ್ತು ಸಂಗಡಿಗರು ತಟ್ಟೆಯನ್ನೂ ಪುಷ್ಟಿಕರ ಸಾರನ್ನೂ ಬದಿಗಿಟ್ಟರು. ಕಡಲ ನೀರನ್ನೇ ಸೋಸಿ, ಕುದಿಸಿ, ಜೀವಾಣುರಹಿತ ಮಾಡಿ ಅದನ್ನೇ ಆಹಾರವಾಗಿ ಇಟ್ಟರು. ಓರೆಗಾನ್ ಕರಾವಳಿಯ ತಾಜಾ ನೀರನ್ನು ಎಷ್ಟು ತೆಳುವಾಗಿಸಿದರೆಂದರೆ ಪ್ಲಾಸ್ಟಿಕ್ ಫಲಕದ ಒಂದೊಂದು ಗುಳಿಗೂ ಬೆರಳೆಣಿಕೆಯಷ್ಟು ಜೀವಕೋಶಗಳು ಮಾತ್ರ ಬೀಳಬೇಕು. ಚುರುಕಾಗಿ ಬೆಳೆದು ಉಳಿದವುಗಳ ಅನ್ನ ಕಸಿಯುವ ಪುಂಡರು ಹೆಚ್ಚಿನ ಗುಳಿಗಳಿಗೆ ಬರುವುದೇ ಇಲ್ಲ. ಆಮೇಲೆ ದಿನಗಟ್ಟಲೆ ಕಾಯುವುದು. ಕರುಳಿನಲ್ಲಿರುವ ಇ-ಕೋಲೈ ಬ್ಯಾಕ್ಟೀರಿಯ ಒಳ್ಳೆಯ ಊಟ ಸಿಕ್ಕರೆ 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಇದಕ್ಕೆ ಸುಮಾರು ಎರಡು ದಿನ ಬೇಕು. ಬೆಳೆದ ಮೇಲೂ ನೀರು ಕದಡುವುದಿಲ್ಲ, ಕಣ್ಣಿಗೆ ಖಾಲಿ ನೀರೇ. ಹಿಂದೆ ಯಾರಾದರೂ ಅಕಸ್ಮಾತ್ ಬೆಳೆಸಿದ್ದರೂ ‘ಏನೂ ಬರಲಿಲ್ಲ’ ಎಂದು ಚೆಲ್ಲಿರುತ್ತಿದ್ದರು. ಈ ಬಳಗ ಮಾತ್ರ ಗುಳಿಗಳಿಂದ ಒಂದಿಷ್ಟು ನೀರು ತೆಗೆದು, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ನೋಡುವ ತಾಳ್ಮೆ ತೋರಿತು. 2002ರಲ್ಲಿ ಸಾರ್-11 ಕೈಗೆ ಸಿಕ್ಕಿತು. ‘ಪೆಲಾಜಿಬ್ಯಾಕ್ಟರ್ ಯುಬೀಕ್’ ಎಂದು ಹೆಸರಾಯಿತು. ‘ಕಡಲಲ್ಲಿ ಎಲ್ಲೆಲ್ಲೂ ಇರುವುದು’ ಎಂದು ಅರ್ಥ.

ಬಾಳೆಯ ಕಾಯಿಯಂತೆ ಬಾಗಿದ ಈ ಜೀವಿಯ ಉದ್ದ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. 2005ರಲ್ಲಿ ಅದರ ಡಿಎನ್‌ಎ ಪೂರ್ತಿ ಓದಿದಾಗ ಸಿಕ್ಕಿದ್ದು ಸುಮಾರು 13 ಲಕ್ಷ ಅಕ್ಷರ, 1354 ಜೀನ್‌ಗಳು. ಇ-ಕೋಲೈಯಲ್ಲಿ 46 ಲಕ್ಷ ಅಕ್ಷರಗಳಿವೆ. ಬೇರೆ ಜೀವಿಯ ಮೈಯೊಳಗೆ ಸೇರದೆ ಸ್ವತಂತ್ರವಾಗಿ ಬದುಕುವ, ಆವರೆಗೆ ತಿಳಿದಿದ್ದ ಜೀವಿಗಳಲ್ಲೇ ಅತಿ ಚಿಕ್ಕ ಡಿಎನ್‌ಎ ಅದು. ಹಳ್ಳಿ ಬಸ್ಸಿನಲ್ಲಿ ಸೀಟು ಹಿಡಿದವರಂತೆ ಜೀನ್‌ಗಳು ಒತ್ತೊತ್ತಾಗಿ ಕುಳಿತಿವೆ.

ತಟ್ಟೆಯಲ್ಲಿ ಇದೇಕೆ ಬೆಳೆಯಲಿಲ್ಲ ಎಂಬುದಕ್ಕೆ ಉತ್ತರವೂ ಆ ಡಿಎನ್‌ಎಯಲ್ಲೇ ಇತ್ತು. ಕಡಲ ನೀರಿನಲ್ಲಿ ಗಂಧಕ ಸಲ್ಫೇಟ್ ರೂಪದಲ್ಲಿ ಧಾರಾಳವಾಗಿದೆ. ಬಹುತೇಕ ಕಡಲ ಬ್ಯಾಕ್ಟೀರಿಯಾಗಳು ಅದನ್ನೇ ಪಳಗಿಸಿಕೊಳ್ಳುತ್ತವೆ. ಸಾರ್-11ಕ್ಕೆ ಅದಕ್ಕೆ ಬೇಕಾದ ಜೀನ್‌ಗಳೇ ಇಲ್ಲ. ಪಾಚಿಯಂಥ ನೆರೆಹೊರೆಯವರು ಪಳಗಿಸಿ ನೀರಿಗೆ ಬಿಟ್ಟ ಗಂಧಕದ ಸಂಯುಕ್ತಗಳೇ ಬೇಕು ಎಂದು 2008ರಲ್ಲಿ ಗೊತ್ತಾಯಿತು. ಗ್ಲೈಸಿನ್ ಎಂಬ ಅಮೈನೋ ಆಮ್ಲ ಅಥವಾ ಅದನ್ನು ತಯಾರಿಸಿಕೊಳ್ಳಲು ಒದಗುವ ವಸ್ತುವೂ ಹೊರಗಿನಿಂದಲೇ ಬರಬೇಕು. ಇನ್ನೂ ವಿಚಿತ್ರವೆಂದರೆ ಬಿ-1 ಜೀವಸತ್ವ ಹಾಕಿದರೆ ಅದಕ್ಕೆ ಸಾಲದು. ಆ ಜೀವಸತ್ವದ ಒಂದು ತುಂಡು ಮಾತ್ರ ಬೇಕು, ಉಳಿದದ್ದನ್ನು ತಾನೇ ಜೋಡಿಸಿಕೊಳ್ಳುತ್ತದೆ. ನೆರೆಮನೆಯಿಂದ ಹಿಟ್ಟು ಬೇಡ, ರುಬ್ಬಿದ ಉದ್ದು ಮಾತ್ರ ಕೊಡಿ ಎಂದಂತೆ. ಕಾಖ್ ಕಾಲದ ವಿಧಾನ ಜೀವಿಯನ್ನು ಬಳಗದಿಂದ ಬಿಡಿಸಿ ಒಂಟಿಯಾಗಿ ಕೂರಿಸಿ, ಮೇಲಿಂದ ಭರ್ಜರಿ ಔತಣ ಬಡಿಸುತ್ತಿತ್ತು. ಬಡ ನೀರಿನಲ್ಲಿ, ನೂರಾರು ಜೀವಿಗಳ ಕೊಡುಕೊಳ್ಳುವಿಕೆಯ ನಡುವೆ ಬದುಕಿದ ಇದಕ್ಕೆ ಎರಡೂ ಒಗ್ಗಲಿಲ್ಲ.

ಇಷ್ಟು ಸಣ್ಣ ಜೀವಿಯ ಊಟದ ಲೆಕ್ಕದಿಂದ ಯಾರಿಗೇನು ಎನ್ನಬಹುದು. ಸಾಗರಗಳಲ್ಲಿ ಕರಗಿರುವ ಸಾವಯವ ಇಂಗಾಲದ ಪ್ರಮಾಣ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ರೂಪದಲ್ಲಿರುವ ಇಂಗಾಲಕ್ಕೆ ಹತ್ತಿರಹತ್ತಿರ ಸಾಟಿಯಾಗುವಷ್ಟಿದೆ. ಅದರಲ್ಲಿ ಹೊಸದಾಗಿ ಸೇರಿದ್ದನ್ನು ತಿಂದು ಉಸಿರಾಡಿ ಮತ್ತೆ ಕಾರ್ಬನ್ ಡೈಆಕ್ಸೈಡ್ ಆಗಿಸುವವರಲ್ಲಿ ಸಾರ್-11 ದೊಡ್ಡ ಪಾಲುದಾರ. ಕಡಲು ಬಿಸಿಯಾದರೆ ಅದು ಹೆಚ್ಚು ತಿಂದೀತೇ, ಕಡಿಮೆಯೇ ಎಂಬುದು ಹವಾಮಾನದ ಲೆಕ್ಕ ಹಾಕುವವರಿಗೆ ನಿಜವಾದ ಪ್ರಶ್ನೆ. ಕಡಲ ಗಾಳಿಗೆ ಒಂದು ವಿಶಿಷ್ಟ ವಾಸನೆಯಿದೆಯಲ್ಲ, ಅದಕ್ಕೆ ಕಾರಣವಾದ ಗಂಧಕದ ಅನಿಲವನ್ನೂ ಈ ಜೀವಿ ಬಿಡುತ್ತದೆ ಎಂದು 2016ರಲ್ಲಿ ವರದಿಯಾಯಿತು. ಆ ಅನಿಲ ಮೋಡಕ್ಕೆ ಬೇಕಾದ ಕಣಗಳಿಗೂ ಮೂಲ.

ಇದರ ಯಶಸ್ಸಿನ ಗುಟ್ಟೇನು ಎಂಬ ಚರ್ಚೆಯಲ್ಲಿ, ವೈರಸ್‌ಗಳು ಇದನ್ನು ಮುಟ್ಟಲಾರವೇನೋ ಎಂಬ ಊಹೆ ಬಹಳ ದಿನ ಓಡಾಡುತ್ತಿತ್ತು. ಪ್ರಯೋಗಾಲಯದಲ್ಲಿ ಜೀವಿಯನ್ನು ಬೆಳೆಸಲು ಬಂದ ಮೇಲೆ ಓರೆಗಾನ್ ಬಳಗ ಅದನ್ನೂ ಪರೀಕ್ಷಿಸಿತು. ಬೆಳೆಸಿದ ಸಾರ್-11ಕ್ಕೆ ಕಡಲ ನೀರಿನ ವೈರಸ್‌ಗಳನ್ನು ಬೆರೆಸಿ ಕಾದಾಗ ಅದನ್ನು ಕೊಲ್ಲುವ ಹಲವು ವೈರಸ್‌ಗಳು ಸಿಕ್ಕವು. 2013ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಒಂದು ವೈರಸ್ ಕಡಲಲ್ಲೇ ಅತಿ ಹೇರಳವಾದವುಗಳ ಸಾಲಿಗೆ ಸೇರುವಂಥದ್ದು ಎಂದು ಕಂಡುಬಂತು. ಅಲ್ಲಿಯವರೆಗೆ ಅದಕ್ಕೂ ಹೆಸರಿರಲಿಲ್ಲ.