ಮೆಹಮಾನ್ ಖಾನಾ ಕೆಡವಿದವರೇ, ಕೊಪ್ಪಳಕ್ಕೆ ಲೆಕ್ಕ ಕೊಡಿ

ಹೈದರಾಬಾದಿನ ದೇವಡಿಗಳಲ್ಲಿ, ಅಂದರೆ ನವಾಬರ ಮಹಲುಗಳಲ್ಲಿ, ಮೊದಲು ಸಾಯುವುದು ಮೆಹಮಾನ್ ಖಾನಾ, ಅತಿಥಿಗಳ ಕೋಣೆ. ಹೆಂಗಸರ ಜನಾನಾದಲ್ಲಿ ಮನೆತನದ ಒಬ್ಬ ಮುದುಕಿಯಾದರೂ ಉಳಿದಿರುತ್ತಾಳೆ, ಅಡುಗೆಮನೆಯಲ್ಲಿ ಒಂದು ಒಲೆಯಾದರೂ ಉರಿಯುತ್ತದೆ. ಮೆಹಮಾನ್ ಖಾನಾಕ್ಕೆ ಯಾರು ದಿಕ್ಕು? 1949ರಲ್ಲಿ ಜಾಗೀರುಗಳು ರದ್ದಾದವು, ಅತಿಥಿಗಳ ಬರವು ನಿಂತಿತು, ಕೋಣೆಗೆ ಬೀಗ ಬಿತ್ತು. ಮುರಿದ ಕುರ್ಚಿ, ಹಳೆಯ ಕೋರ್ಟು ಕಾಗದ ಒಳಗೆ ಸೇರಿದವು. ಮಾಳಿಗೆಯ ತೂಬಿನಲ್ಲಿ ಎಲೆ ಕಟ್ಟಿಕೊಂಡು ಮಳೆನೀರು ನಿಂತಿತು, ಗೋಡೆಯ ಸಂದಿನಲ್ಲಿ ಅರಳಿ ಸಸಿ ಎದ್ದಿತು. ತೊಲೆ ಬಾಗಿದ ಮೇಲೆ ಒಬ್ಬ ಅಧಿಕಾರಿ ಬಂದು ‘ಶಿಥಿಲ’ ಎಂದು ಬರೆದುಹೋದ. ಅಷ್ಟರಲ್ಲಿ ತೇಗದ ಬಾಗಿಲು ಗುಜರಿ ಸೇರಿತ್ತು.

ಇದನ್ನು ಕಾಲನ ಕೆಲಸ ಎಂದು ಯಾರೂ ನನಗೆ ಹೇಳಬೇಡಿ. ಸುಣ್ಣದ ಗಾರೆಯ ಗೋಡೆ ಕಾಲಕ್ಕೆ ಸುಲಭವಾಗಿ ಮಣಿಯುವುದಿಲ್ಲ. ಅದು ನೀರು ಹೀರುತ್ತದೆ, ಬಿಸಿಲಿಗೆ ಆರುತ್ತದೆ. ವರ್ಷಕ್ಕೊಮ್ಮೆ ತೂಬು ತೆಗೆದು, ಬಿರುಕಿಗೆ ಸುಣ್ಣ ತುಂಬಿದರೆ ತಲೆಮಾರುಗಟ್ಟಲೆ ನಿಲ್ಲುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿ, ಒಳಗಿನ ತೇವಕ್ಕೆ ಹೊರದಾರಿ ಇಲ್ಲದಂತೆ ಮಾಡಿ, ಗಾರೆ ಉದುರಿದಾಗ ‘ಹಳೇ ಕಟ್ಟಡ ನೋಡಿ’ ಎನ್ನುವವರು ಮನುಷ್ಯರು. ತೂಬು ತೆಗೆಸದೆ ಬಿಟ್ಟವರೂ ಮನುಷ್ಯರೇ.

ಇರ್ರಮ್ ಮಂಜಿಲ್‌ನ ಕಥೆಯನ್ನೇ ತೆಗೆದುಕೊಳ್ಳಿ. ಊರಿನ ಗದ್ದಲದಿಂದ ದೂರ, ಖೈರತಾಬಾದಿನ ದಿಬ್ಬದ ಮೇಲೆ, 1870ರ ಸುಮಾರಿಗೆ ನವಾಬ್ ಫಕ್ರುಲ್ ಮುಲ್ಕ್ ಕಟ್ಟಿಸಿದ ಮನೆ. ನೂರೈವತ್ತು ಕೋಣೆಗಳ ಮನೆ ಎಂದು ಅದರ ಖ್ಯಾತಿ. ಒಂದು ಸಂಸಾರಕ್ಕೆ ಅಷ್ಟು ಕೋಣೆ ಬೇಕಿರಲಿಲ್ಲ, ಅದು ಬಂದುಹೋಗುವವರಿಗಾಗಿ ಹಬ್ಬಿದ ಮನೆ. ಮುಂದೆ ಅದು ಸರ್ಕಾರದ ಕೈಸೇರಿತು, ಕಡತಗಳ ಉಗ್ರಾಣವಾಯಿತು, ಆಮೇಲೆ ರಸ್ತೆ, ಕಟ್ಟಡ, ನೀರಾವರಿಯ ಎಂಜಿನಿಯರುಗಳ ಕಚೇರಿಯಾಯಿತು. ಕಟ್ಟಡ ಕಾಯುವುದೇ ಉದ್ಯೋಗವಾಗಿದ್ದವರು ಕೂತ ಮನೆಯದು! ಅವರ ತಲೆಯ ಮೇಲಿನ ಗಾರೆ ಉದುರಿತು, ಕಂಬಗಳ ಬಣ್ಣ ಕಪ್ಪಾಯಿತು. 2019ರ ಜೂನ್ 27ರಂದು ಅದೇ ಆವರಣದಲ್ಲಿ ಹೊಸ ವಿಧಾನಸಭೆಗೆಂದು ಶಂಕುಸ್ಥಾಪನೆಯೂ ಆಯಿತು. ನಾಗರಿಕರು ಕೋರ್ಟಿಗೆ ಹೋದರು, ನವಾಬರ ವಂಶಸ್ಥರೂ ಹೋದರು. ಸೆಪ್ಟೆಂಬರ್ 16ರಂದು ತೆಲಂಗಾಣ ಹೈಕೋರ್ಟು ಮನೆ ಕೆಡವುವ ಸಚಿವ ಸಂಪುಟದ ನಿರ್ಧಾರವನ್ನು ರದ್ದು ಮಾಡಿತು. ಮನೆ ಉಳಿಯಿತು.

ಸೈಫಾಬಾದ್ ಅರಮನೆ ಉಳಿಯಲಿಲ್ಲ. ಆರನೆಯ ನಿಜಾಮನ ಕಾಲದ, 1888ರ ಆ ಕಟ್ಟಡ ಸಚಿವಾಲಯದ ಆವರಣದೊಳಗಿತ್ತು. 2020ರ ಜುಲೈನಲ್ಲಿ, ಕೊರೊನಾ ಭಯದಲ್ಲಿ ಊರು ಬಾಗಿಲು ಹಾಕಿಕೊಂಡಿದ್ದಾಗ, ಹಳೆಯ ಸಚಿವಾಲಯದ ಜೊತೆಗೆ ಅದನ್ನೂ ನೆಲಕ್ಕುರುಳಿಸಿದರು. ಪಾರಂಪರಿಕ ಕಟ್ಟಡಗಳಿಗೆ ಕಾವಲಾಗಿದ್ದ ನಗರಾಭಿವೃದ್ಧಿಯ ಹದಿಮೂರನೆಯ ನಿಯಮವನ್ನು 2015ರ ಡಿಸೆಂಬರಿನಲ್ಲೇ ತೆಗೆದುಹಾಕಿದ್ದರು. ಮೊದಲು ಕಾವಲುಗಾರನನ್ನು ಮನೆಗೆ ಕಳಿಸಿದರು, ಆಮೇಲೆ ಜೆಸಿಬಿ ತಂದರು.

ನನ್ನ ಜೊತೆಯ ಬಂಡಾಯಗಾರರು ಇಲ್ಲಿ ನನ್ನನ್ನು ತಡೆದು ಕೇಳುತ್ತಾರೆ: ನವಾಬರ ಮನೆ ಬಿದ್ದರೆ ನಿನಗೇಕೆ ಸಂಕಟ? ಆ ಮಂಚಗಳ ಮೇಲೆ ನಿನ್ನ ಅಜ್ಜ ಎಂದಾದರೂ ಮಲಗಿದ್ದನೇ?

ಇಲ್ಲ, ಮಲಗಿರಲಿಲ್ಲ. ನನ್ನ ಸಿಟ್ಟಿನ ಬೇರು ಅಲ್ಲೇ ಇದೆ. ನಿಜಾಮರ ಕಾಲದಲ್ಲಿ ನಮ್ಮ ಕೊಪ್ಪಳ, ಯಲಬುರ್ಗಾ ದಿವಾನರಾಗಿದ್ದ ಸಾಲಾರ್ ಜಂಗ್ ಮನೆತನದ ಜಾಗೀರು. ಆಳಂದ, ಚಿಟಗುಪ್ಪ ನಿಜಾಮರ ನೆಂಟರಾದ ಪಾಯಗಾ ನವಾಬರದು. ಎರೆಭೂಮಿಯಲ್ಲಿ ಜೋಳ ಬೆಳೆದವನ ಕಂದಾಯ ಮೂಸಿ ನದಿಯ ದಂಡೆಗೆ ಹೋಯಿತು. ಅಲ್ಲಿ ಸಾಲಾರ್ ಜಂಗರ ದಿವಾನ್ ದೇವಡಿಯ ಆಯಿನಾ ಖಾನಾದ ಕನ್ನಡಿಯಾಯಿತು, ಚೀನಿ ಖಾನಾದ ಗೋಡೆಗೆ ಕೂರಿಸಿದ ಪಿಂಗಾಣಿಯಾಯಿತು, ಅತಿಥಿಗಳ ಹಾಸಿಗೆಯಾಯಿತು. ಆ ಮನೆ ನಿಂತಿದ್ದರೆ ಕೊಪ್ಪಳದ ಒಬ್ಬ ಹುಡುಗಿ ಒಳಗೆ ಹೋಗಿ, ಆ ಕನ್ನಡಿಯೆದುರು ನಿಂತು, ‘ನಮ್ಮ ಹೊಲದ ದುಡ್ಡು ಇಲ್ಲಿದೆ’ ಎನ್ನಬಹುದಿತ್ತು. ಮೂರನೆಯ ಸಾಲಾರ್ ಜಂಗ್ 1949ರಲ್ಲಿ ತೀರಿಕೊಂಡರು, ಮಕ್ಕಳಿರಲಿಲ್ಲ. 1951ರಲ್ಲಿ ಅದೇ ದೇವಡಿಯಲ್ಲಿ ನೆಹರೂ ಮ್ಯೂಸಿಯಂ ಉದ್ಘಾಟಿಸಿದರು. 1968ರಲ್ಲಿ ವಸ್ತುಗಳು ಹೊಸ ಕಟ್ಟಡಕ್ಕೆ ಹೋದವು. ವಸ್ತುಗಳನ್ನು ಕಾಪಾಡಿದ ಊರು ಅವು ಹುಟ್ಟಿ ಬೆಳೆದ ಮನೆಯನ್ನು ಕೈಬಿಟ್ಟಿತು. ಇಂದು ಅಲ್ಲಿ ಹೆಬ್ಬಾಗಿಲ ಗುರುತು, ಅಂಗಡಿ ಸಾಲು, ಪಾರ್ಕಿಂಗಿಗೆ ಜಗಳ.

ಕೆಡವಿದ್ದರಿಂದ ಜಮೀನ್ದಾರಿಕೆ ಸತ್ತಿತೇ? ಭೂಮಿಯ ಬೆಲೆ ಭೂಮಿಯಲ್ಲೇ ಉಳಿಯಿತು, ಕೈಯಷ್ಟೇ ಬದಲಾಯಿತು. ಕೊಪ್ಪಳದ ರೈತನಿಗೆ ಒಂದು ಬಿಡಿಗಾಸು ವಾಪಸು ಬರಲಿಲ್ಲ. ಅಳಿದದ್ದು ಸಾಕ್ಷಿ ಮಾತ್ರ. ಸುಲಿಗೆಯ ಗುರುತೂ ಹೋಯಿತು, ಅದರ ಜೊತೆಗೆ ಗಾರೆ ಅರೆದ, ಕಲ್ಲು ಕೆತ್ತಿದ, ನೀರು ಹೊತ್ತ ಸಾವಿರಾರು ಅನಾಮಿಕರ ಕೈಗೆಲಸವೂ ಹೋಯಿತು. ಅವರು ಬೇರೆಲ್ಲೂ ಸಹಿ ಹಾಕಿರಲಿಲ್ಲ.

ಉಳಿಸಲು ಆಗುವುದಿಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ. ಪಾಯಗಾ ನವಾಬ ವಿಕಾರ್ ಉಲ್ ಉಮ್ರಾ ಕಟ್ಟಿಸಿದ ಫಲಕ್‌ನುಮಾ ಅರಮನೆ ನಿಜಾಮರ ಅತಿಥಿಗೃಹವಾಗಿತ್ತು. ಮುಂದೆ ಐದನೆಯ ಜಾರ್ಜ್ ಆದ ರಾಜಕುಮಾರ ಅಲ್ಲಿ ಉಳಿದಿದ್ದ, 1951ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರೂ ಉಳಿದಿದ್ದರು. ಆಮೇಲೆ ದಶಕಗಟ್ಟಲೆ ಬೀಗ. ನಿಜಾಮ ಮನೆತನದ ರಾಜಕುಮಾರಿ ಎಸ್ರಾ ಹಠ ಹಿಡಿದು ದುರಸ್ತಿ ಮಾಡಿಸಿದರು, 2010ರಲ್ಲಿ ಅದು ತಾಜ್ ಹೋಟೆಲಾಗಿ ತೆರೆಯಿತು. ಮನಸ್ಸಿದ್ದರೆ ಆಗುತ್ತದೆ. ಆದರೆ ಲಾಭ ತರುವ ಅರಮನೆಗೆ ಮಾತ್ರ ಬದುಕುವ ಹಕ್ಕೇ? ಹುಸೇನಿ ಆಲಮ್‌ನ ಖುರ್ಷಿದ್ ಜಾಹ್ ದೇವಡಿಯ ಎತ್ತರದ ಕಂಬಗಳು ಹಣ ಮಂಜೂರಾಗುವುದನ್ನು ಕಾಯುತ್ತಾ ಎಷ್ಟು ಮಳೆಗಾಲ ನೆನೆದವು! ಪಕ್ಕದ ಇಕ್ಬಾಲುದ್ದೌಲಾ ದೇವಡಿಯ ಮಾಳಿಗೆಗೆ ಯಾರು ಏಣಿ ಹಾಕಿದರು?

ವಾರಸುದಾರರ ಕಷ್ಟ ನನಗೆ ಗೊತ್ತು. ಒಂದು ಮನೆಗೆ ಇಪ್ಪತ್ತು ಪಾಲುದಾರರು, ಅರ್ಧ ಜನ ಪರದೇಶದಲ್ಲಿ, ತೆರಿಗೆ ತಲೆಯ ಮೇಲೆ, ದಿನಾ ಬಂದು ಕೂರುವ ಬಿಲ್ಡರು. ಅವರನ್ನು ಒಂಟಿಯಾಗಿ ಬಿಟ್ಟು ‘ನಿಮ್ಮ ಪರಂಪರೆ ನೀವೇ ಕಾಯಿರಿ’ ಎನ್ನುವ ಸರ್ಕಾರ ಕೆಡವುವವನ ಪಾಲುದಾರ. ತೆಲಂಗಾಣ ಸರ್ಕಾರದವರೇ, 2017ರಲ್ಲಿ ಪಾರಂಪರಿಕ ಕಾಯ್ದೆ ಮಾಡಿದ್ದೀರಿ. ಅದನ್ನು ಕಪಾಟಿನಿಂದ ಇಳಿಸಿ. ಮನೆ ಉಳಿಸಿಕೊಂಡವರ ತೆರಿಗೆ ಮನ್ನಾ ಮಾಡಿ, ಗಾರೆ ಕೆಲಸ ಬಲ್ಲ ಮೇಸ್ತ್ರಿಗೆ ಸಂಬಳ ಕೊಟ್ಟು ಮಾಳಿಗೆ ಹತ್ತಿಸಿ, ಬೀಗ ಬಿದ್ದ ಕೋಣೆಗಳನ್ನು ಒಂದೊಂದಾಗಿ ತೆರೆದು ಒಳಗಿರುವುದನ್ನು ಪಟ್ಟಿ ಮಾಡಿ. ಇನ್ನು ಮುಂದೆ ಯಾವುದಾದರೂ ದೇವಡಿಯನ್ನು ಕೆಡವಲು ಅರ್ಜಿ ಬಂದರೆ ಅದರ ನೋಟಿಸನ್ನು ಹೈದರಾಬಾದಿನಲ್ಲಿ ಮಾತ್ರ ಅಂಟಿಸಬೇಡಿ. ಕೊಪ್ಪಳದ ತಹಶೀಲ್ದಾರ್ ಕಚೇರಿಯ ಗೋಡೆಗೂ, ಆಳಂದದ ಗೋಡೆಗೂ ಕನ್ನಡದಲ್ಲಿ ಅಂಟಿಸಿ. ಆಕ್ಷೇಪಣೆ ಬರೆಯಲು ನಾವಿದ್ದೇವೆ.